ಪಕ್ಕದ ಮನೆಯ ಬಾವಿಕಟ್ಟೆಯಲ್ಲಿ ಕೆಂಪು, ನಮ್ಮ ಜಗಲಿಯಲ್ಲಿ ಯಾಕಿಲ್ಲ?

ಪ್ರಶ್ನೆ: ಕಳೆದ ವರ್ಷ ಕ್ರಿಸ್‌ಮಸ್ ಸಮಯದಲ್ಲಿ ಮಂಗಳೂರಿನ ನರ್ಸರಿಯಿಂದ ಒಂದು ಪಾಯಿನ್ಸೆಟಿಯಾ ಗಿಡ ತಂದಿದ್ದೆವು. ತರುವಾಗ ಚಟ್ಟಿ ತುಂಬ ಕೆಂಪು. ಹದಿನೈದು ದಿನದಲ್ಲಿ ಅಡಿಯ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಮಳೆಗಾಲದಲ್ಲಿ ಸತ್ತೇ ಹೋಯಿತು ಅಂದುಕೊಂಡಿದ್ದೆ, ಮತ್ತೆ ಚಿಗುರಿತು. ಈಗ ಮೂರಡಿ ಎತ್ತರ ಇದೆ. ಆದರೆ ಡಿಸೆಂಬರ್ ಅರ್ಧ ಆದರೂ ಒಂದೇ ಒಂದು ಎಲೆ ಕೆಂಪಾಗಿಲ್ಲ. ಪಕ್ಕದ ಮನೆಯ ಬಾವಿಕಟ್ಟೆ ಹತ್ತಿರ ಒಂದು ಹಳೇ ಗಿಡ ಇದೆ, ಅದು ಪೂರ್ತಿ ಕೆಂಪು. ಅವರು ಅದಕ್ಕೆ ಏನೂ ಹಾಕುವುದಿಲ್ಲ. ನಮ್ಮ ಗಿಡದ ಎಲೆಯ ಅಡಿಯಲ್ಲಿ ಬಿಳಿ ಹುಡಿಯಂಥದ್ದು, ಮೇಲೆ ಕಪ್ಪು ಮಸಿ. ಅಡಿಕೆಗೆ ಬಿಟ್ಟು ಉಳಿದ ಮದ್ದನ್ನು ನಮ್ಮವರು ಇದಕ್ಕೂ ಹೊಡೆದರು, ಏನೂ ಆಗಲಿಲ್ಲ. ಅಂಗಡಿಯವರು ಈಗ ಒಂದು ಕೀಟನಾಶಕದ ಬಾಟಲಿ ಕೊಟ್ಟಿದ್ದಾರೆ, ಹೊಡೆಯಲೇ? ಇದು ವಿಷದ ಗಿಡ, ಮಕ್ಕಳಿರುವ ಮನೆಯಲ್ಲಿ ಬೇಡ ಅಂತ ಅತ್ತೆ ಹೇಳುತ್ತಾರೆ. ಫೋಟೋ ಕಳಿಸಿದ್ದೇನೆ.
– ಬದಿಯಡ್ಕ ಹತ್ತಿರದ ಓದುಗರೊಬ್ಬರು

ಉತ್ತರ:

ಅಕ್ಕಾ, ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಗಿಡಕ್ಕಿಂತ ಜಾಸ್ತಿ ಹೊತ್ತು ನಾನು ನೋಡಿದ್ದು ಗಿಡದ ಹಿಂದಿರುವ ಕಂಬವನ್ನು. ಅಂಗಳದಲ್ಲಿ ಅಡಿಕೆ ಹರಡಿದ್ದೀರಿ. ಕಂಬದ ಮೇಲೆ ಎಲ್‌ಇಡಿ ಲೈಟು ಇದೆ. ಅಡಿಕೆ ಅಂಗಳದಲ್ಲಿ ಇರುವಷ್ಟು ದಿನ ಆ ಲೈಟು ಬೆಳಗಿನವರೆಗೆ ಉರಿಯುತ್ತದೆ, ಅಲ್ವಾ? ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೆಯೇ. ಅದಕ್ಕೆ ಮೊದಲೂ ಜಗಲಿಯ ಬಲ್ಬು ಮಕ್ಕಳು ಓದಿ ಮುಗಿಸುವವರೆಗೆ ಇದ್ದೇ ಇರುತ್ತದೆ. ಎರಡರ ಬೆಳಕೂ ಬೀಳುವುದು ಮೆಟ್ಟಿಲ ಪಕ್ಕದ ನಿಮ್ಮ ಚಟ್ಟಿಗೆ. ಗಿಡ ಕೆಂಪಾಗದೆ ಇರುವುದು ಅದರಿಂದ. ರೋಗ ಏನೂ ಇಲ್ಲ. ಅದಕ್ಕೆ ರಾತ್ರಿ ಸಿಕ್ಕಿಲ್ಲ, ಅಷ್ಟೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಹೂವು ಅನ್ನುವ ಆ ಕೆಂಪು ಹೂವಲ್ಲ, ಎಲೆ. ಒಮ್ಮೆ ಪಕ್ಕದ ಮನೆಯ ಗಿಡದ ಹತ್ತಿರ ಹೋಗಿ ಒಂದು ಗೆಲ್ಲಿನ ತುದಿಯನ್ನು ಬಗ್ಗಿಸಿ ನೋಡಿ. ಕೆಂಪೆಲೆಗಳ ನಟ್ಟನಡುವೆ ಬಟಾಣಿಗಿಂತ ಸಣ್ಣ ಹಸಿರು ಗುಂಡುಗಳು ಗುಂಪಾಗಿ ಕಾಣುತ್ತವೆ. ಪ್ರತಿ ಗುಂಡಿನ ಬದಿಯಲ್ಲೂ ಹಳದಿ ತುಟಿಯ ಹಾಗೆ ಒಂದು ಪುಟ್ಟ ಬಟ್ಟಲು. ಬೆಳಗ್ಗೆ ನೋಡಿದರೆ ಅದರಲ್ಲಿ ಸಿಹಿ ರಸದ ಹನಿ ನಿಂತಿರುತ್ತದೆ, ಇರುವೆ ಬಂದಿರುತ್ತದೆ. ನಿಜವಾದ ಹೂವುಗಳು ಆ ಗುಂಡುಗಳ ಒಳಗಿವೆ. ಹೂ ಕಟ್ಟುವ ಕೆಲಸ ಶುರುವಾದಾಗ ಅದರ ಸುತ್ತಲಿನ ಎಲೆಗಳಿಗೆ ಕೆಂಪು ಏರುತ್ತದೆ. ಹೂ ಕಟ್ಟದಿದ್ದರೆ ಎಲೆ ಹಸಿರಾಗಿಯೇ ಉಳಿಯುತ್ತದೆ.

ಹೂ ಕಟ್ಟುವ ಕಾಲ ಬಂತು ಅಂತ ಈ ಗಿಡಕ್ಕೆ ಗೊತ್ತಾಗುವುದು ರಾತ್ರಿಯ ಉದ್ದದಿಂದ. ಕಾಸರಗೋಡು ಇರುವುದು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯಲ್ಲಿ. ನಮ್ಮಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಸುಮಾರು 11 ಗಂಟೆ. ಸೆಪ್ಟೆಂಬರ್ ಕೊನೆಗೆ 12 ದಾಟುತ್ತದೆ. ಡಿಸೆಂಬರ್ 21-22ರ ಹೊತ್ತಿಗೆ ಹನ್ನೆರಡೂವರೆ ಗಂಟೆ. ನಮಗೆ ಈ ಒಂದೂವರೆ ಗಂಟೆಯ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗಿಡಕ್ಕೆ ಅದು ದೊಡ್ಡ ಸುದ್ದಿ. ಆದರೆ ಆ ಕತ್ತಲೆ ಮಧ್ಯದಲ್ಲಿ ಕಡಿಯಬಾರದು. ಲೈಟು ಹಾಕಿದರೆ ಗಿಡದ ಪಾಲಿಗೆ ಉದ್ದದ ಒಂದು ರಾತ್ರಿ ಎರಡು ಗಿಡ್ಡ ರಾತ್ರಿಗಳಾಗುತ್ತದೆ. ಇನ್ನೂ ಬೇಸಿಗೆ ಅಂದುಕೊಂಡು ಅದು ಎಲೆ ಬಿಡುತ್ತಲೇ ಇರುತ್ತದೆ. ಪಕ್ಕದ ಮನೆಯ ಬಾವಿಕಟ್ಟೆಗೆ ಲೈಟು ಇಲ್ಲ, ಹಾಗಾಗಿ ಅಲ್ಲಿ ಕೆಂಪು. ಈ ಗಿಡದ ಊರು ಮೆಕ್ಸಿಕೊ. ಅಲ್ಲಿನ ಜನ ಇದನ್ನು ನೋಚೆ ಬುಯೇನಾ ಅನ್ನುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಅವರಿಡುವ ಹೆಸರು ಅದು, ಮಾತಿನ ಅರ್ಥ ‘ಒಳ್ಳೆಯ ರಾತ್ರಿ’. ಹೆಸರಿನಲ್ಲೇ ರಾತ್ರಿ ಇರುವುದು ನನಗೆ ಬಹಳ ಇಷ್ಟ. ಪಾಯಿನ್ಸೆಟಿಯಾ ಎಂಬ ಹೆಸರು ಬಂದದ್ದು ಜೋಯಲ್ ಪಾಯಿನ್ಸೆಟ್ ಎಂಬ ಅಮೆರಿಕದ ರಾಜತಾಂತ್ರಿಕನಿಂದ. 1820ರ ದಶಕದಲ್ಲಿ ಮೆಕ್ಸಿಕೊದಲ್ಲಿದ್ದಾಗ ಈ ಗಿಡವನ್ನು ತನ್ನ ಊರಿಗೆ ಕಳಿಸಿದವನು ಅವನು.

ಇನ್ನು ಕ್ರಿಸ್‌ಮಸ್‌ಗೆ ಹತ್ತೇ ದಿನ. ಅಷ್ಟರಲ್ಲಿ ಕೆಂಪಾಗುವುದಿಲ್ಲ, ಆ ಆಸೆ ಬಿಡಿ. ಆದರೆ ಈ ವರ್ಷ ಪೂರ್ತಿ ಕೈ ತಪ್ಪಿಲ್ಲ. ಕತ್ತಲೆ ಸರಿಯಾಗಿ ಸಿಕ್ಕಿದರೆ ಎಂಟು ಹತ್ತು ವಾರದಲ್ಲಿ ಬಣ್ಣ ತುಂಬುತ್ತದೆ. ನಮ್ಮಲ್ಲಿ ರಾತ್ರಿ 12 ಗಂಟೆಗಿಂತ ಉದ್ದ ಇರುವುದು ಮಾರ್ಚ್ ನಡುವಿನವರೆಗೆ. ಇವತ್ತೇ ಶುರು ಮಾಡಿದರೆ ಶಿವರಾತ್ರಿಯ ಆಸುಪಾಸಿನಲ್ಲಿ ನಿಮ್ಮ ಗಿಡ ಕೆಂಪಾಗಬಹುದು. ಅಡಿಕೆಯ ಲೈಟು ಆರಿಸಿ ಅಂತ ನಾನು ಹೇಳುವುದಿಲ್ಲ. ಗಿಡವನ್ನೇ ಜಾಗ ಬದಲಿಸಿ. ಹಟ್ಟಿಯ ಹಿಂದೆಯೋ, ಬಚ್ಚಲುಮನೆಯ ಆ ಬದಿಗೋ, ಹಗಲು ಒಳ್ಳೆ ಬಿಸಿಲು ಬಿದ್ದು ರಾತ್ರಿ ಯಾವ ಲೈಟೂ ಬೀಳದ ಜಾಗ ನೋಡಿ. ರಾತ್ರಿ ಎಂಟು ಗಂಟೆಗೆ ಅಲ್ಲಿ ಹೋಗಿ ನಿಂತು ಒಂದು ಪೇಪರ್ ಹಿಡಿಯಿರಿ. ಅಕ್ಷರ ಓದಲು ಆಗುತ್ತದೆ ಅಂದರೆ ಆ ಜಾಗ ಬೇಡ.

ಅಂಥ ಜಾಗ ಇಲ್ಲವಾದರೆ ಪೆಟ್ಟಿಗೆಯ ದಾರಿ ಇದೆ. ಚಳಿ ದೇಶಗಳಲ್ಲಿ ಮನೆಯಲ್ಲಿ ಗಿಡ ಇಟ್ಟವರು ಮಾಡುವುದು ಇದನ್ನೇ. ಸಂಜೆ 5ರಿಂದ ಬೆಳಗ್ಗೆ 7ರವರೆಗೆ, 14 ಗಂಟೆ, ಗಿಡದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ ಹಾಕುವುದು. ದಿನ ತಪ್ಪಿಸಬಾರದು. ನಮ್ಮ ಕಡೆ ಇದರಲ್ಲಿ ಒಂದು ತೊಂದರೆ ಇದೆ. ಸಂಜೆ ಐದಕ್ಕೆ ನಮ್ಮಲ್ಲಿ ಇನ್ನೂ ಸೆಕೆ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಗಿಡ ಬೇಯುತ್ತದೆ. ರಾತ್ರಿಯ ತಾಪ 22-23 ಡಿಗ್ರಿಗಿಂತ ಜಾಸ್ತಿಯಾದರೆ ಕತ್ತಲೆ ಸಿಕ್ಕಿದರೂ ಬಣ್ಣ ಬರುವುದು ತಡವಾಗುತ್ತದೆ. ಮಡಿಕೇರಿಯಲ್ಲಿ ಕಾಣುವ ಕೆಂಪು ಕುಂಬಳೆಯಲ್ಲಿ ಕಾಣದೆ ಇರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಪೆಟ್ಟಿಗೆ ಹಾಕುವುದಾದರೆ ನೆರಳಿನ, ಗಾಳಿಯಾಡುವ ಕಡೆ ಇಟ್ಟು ಹಾಕಿ. ಪ್ಲಾಸ್ಟಿಕ್ ಶೀಟು ಮಾತ್ರ ಬೇಡವೇ ಬೇಡ. ನನ್ನ ಮಾತು ಕೇಳುವುದಾದರೆ ಪೆಟ್ಟಿಗೆಗಿಂತ ಕತ್ತಲೆಯ ಮೂಲೆಯೇ ವಾಸಿ. ಮುಂದಿನ ವರ್ಷ ಸೆಪ್ಟೆಂಬರ್ ಕೊನೆಯಲ್ಲೇ ಅಲ್ಲಿಗೆ ಒಯ್ದುಬಿಡಿ.

ಈಗ ನಿಮ್ಮ ಮೊದಲ ಮಾತಿಗೆ ಬರುತ್ತೇನೆ, ತಂದ ಹದಿನೈದು ದಿನದಲ್ಲಿ ಎಲೆ ಉದುರಿದ್ದು. ಇದು ನನಗೆ ಅತಿ ಹೆಚ್ಚು ಬರುವ ದೂರು. ನರ್ಸರಿಯಲ್ಲಿ ಗಿಡ ಒಳ್ಳೆ ಬೆಳಕಿನಲ್ಲಿ, ಅಳತೆಯ ನೀರಿನಲ್ಲಿ ಬೆಳೆದಿರುತ್ತದೆ. ಅಲ್ಲಿಂದ ಪ್ಲಾಸ್ಟಿಕ್ ಸುತ್ತಿ, ಮುಚ್ಚಿದ ಕಾರಿನಲ್ಲಿ ಇಟ್ಟು, ಮನೆಗೆ ತಂದು ಚಾವಡಿಯ ಮೂಲೆಯಲ್ಲಿಡುತ್ತೇವೆ. ಬೆಳಕು ಒಮ್ಮೆಲೇ ಕಡಿಮೆಯಾದರೆ ಅಡಿಯ ಎಲೆ ಉದುರುತ್ತದೆ. ಸುತ್ತಿದ ಪ್ಲಾಸ್ಟಿಕ್ಕಿನ ಒಳಗೆ ಗಿಡವೇ ಬಿಡುವ ಎಥಿಲೀನ್ ಅನಿಲ ತುಂಬಿಕೊಂಡು ಎಲೆಗಳು ಜೋಲುತ್ತವೆ. ಬಾಳೆಕಾಯಿಯನ್ನು ಮುಚ್ಚಿಟ್ಟು ಹಣ್ಣು ಮಾಡುವಾಗ ಕೆಲಸ ಮಾಡುವುದೂ ಇದೇ ಅನಿಲ. ಹಾಗಾಗಿ ಗಿಡ ಮನೆಗೆ ಬಂದ ಕೂಡಲೇ ಸುತ್ತಿದ್ದನ್ನು ಬಿಚ್ಚಬೇಕು. ಹಣ್ಣಿನ ಬುಟ್ಟಿಯ ಹತ್ತಿರ ಇಡಬಾರದು.

ಆದರೆ ಇದಕ್ಕಿಂತ ದೊಡ್ಡ ಕಾರಣ ನೀರು. ಚಟ್ಟಿಯ ಸುತ್ತ ಬಂಗಾರ ಬಣ್ಣದ ಹೊಳೆಯುವ ಕಾಗದ ಇತ್ತಾ? ಅದನ್ನು ತೆಗೆಯದೆ ನೀರು ಹಾಕಿದಿರಾ? ಆ ಕಾಗದದ ಅಡಿಯಲ್ಲಿ ನೀರು ನಿಂತು ಬೇರು ಮುಳುಗುತ್ತದೆ. ಪಾಯಿನ್ಸೆಟಿಯಾ ಸಾಯುವುದು ಬಾಯಾರಿಕೆಯಿಂದ ಅಲ್ಲ, ಜಾಸ್ತಿ ನೀರಿನಿಂದ.

ಇದರಲ್ಲಿ ಎಲ್ಲರೂ ಮೋಸ ಹೋಗುವ ಒಂದು ಜಾಗ ಇದೆ. ನೀರು ಇಲ್ಲದಾಗಲೂ ಎಲೆ ಬಾಡುತ್ತದೆ, ಬೇರು ಕೊಳೆತಾಗಲೂ ಎಲೆ ಬಾಡುತ್ತದೆ. ನೋಡಲು ಎರಡೂ ಒಂದೇ ಥರ. ಬಾಡಿದ್ದು ಕಂಡ ಕೂಡಲೇ ನಾವು ಚೆಂಬು ಹಿಡಿದು ಓಡುತ್ತೇವೆ. ಕೊಳೆತ ಬೇರಿಗೆ ಮತ್ತೆ ನೀರು ಸುರಿಯುತ್ತೇವೆ. ಹಾಗೆ ಮಾಡುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಮಣ್ಣು ಒಣಗಿ ಎಲೆ ಬಾಡಿದ್ದರೆ ಅದು ಬಾಯಾರಿಕೆ, ನೀರು ಕೊಡಿ, ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದ್ದರೆ ಬೇರಿನ ತೊಂದರೆ. ಆಗ ಗಿಡವನ್ನು ಚಟ್ಟಿಯಿಂದ ಮಣ್ಣು ಸಮೇತ ಹೊರಗೆ ತೆಗೆಯಿರಿ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣ. ಅದನ್ನು ಎರಡು ಬೆರಳ ನಡುವೆ ಹಿಡಿದು ಮೆತ್ತಗೆ ಎಳೆಯಿರಿ. ಮೇಲಿನ ಸಿಪ್ಪೆ ಉಗುರ ಹತ್ತಿರ ಜಾರಿ ಬರುತ್ತದೆ, ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಒಮ್ಮೆ ಕೈಯಲ್ಲಿ ಇದನ್ನು ನೋಡಿದರೆ ಮತ್ತೆ ಮರೆಯುವುದಿಲ್ಲ. ಪಿಥಿಯಂ ಎಂಬ ಸೂಕ್ಷ್ಮಜೀವಿಯ ಕೆಲಸ ಇದು. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾದ ಹತ್ತಿರದ ನೆಂಟ. ನಿಂತ ನೀರು ಅಂದರೆ ಎರಡಕ್ಕೂ ಹಬ್ಬ.

ನಾನು ಮುಳ್ಳೇರಿಯಾ ಕಡೆ ಸಣ್ಣ ನರ್ಸರಿ ಇಟ್ಟ ಮೊದಲ ವರ್ಷಗಳಲ್ಲಿ ಒಂದೇ ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) 40 ಚಟ್ಟಿ ಪಾಯಿನ್ಸೆಟಿಯಾ ಕಳೆದುಕೊಂಡಿದ್ದೇನೆ. ಗುಡ್ಡೆಯ ಕೆಂಪು ಮಣ್ಣನ್ನು ಹಾಗೆಯೇ ತುಂಬಿದ್ದೆ. ಮೊದಲ ಮಳೆಗೆ ಅದು ಗಟ್ಟಿ ಮುದ್ದೆಯಾಯಿತು. ನೀರು ಇಳಿಯಲೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಹಾಗೆ ಮಾಡಬಾರದಿತ್ತು. ಒಂದೊಂದೇ ಗಿಡ ಕಿತ್ತು ಬೇರು ನೋಡುತ್ತಾ ಹೋದ ಆ ದಿನ ಇವತ್ತಿಗೂ ನೆನಪಿದೆ. ಈಗ ನಾನು ಹಾಕುವುದು ಒಂದು ಪಾಲು ಸುಡುಮಣ್ಣು, ಒಂದು ಪಾಲು ಚೆನ್ನಾಗಿ ಹಳೆಯದಾದ ಹಟ್ಟಿಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಹುಡಿ, ಅರ್ಧ ಪಾಲು ದೊರಗು ಮರಳು. ಸುಡುಮಣ್ಣು ಹಾಕುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು. ಸುಡುವಾಗ ಮಣ್ಣಿನ ಕೊಳೆರೋಗದ ಬೀಜ ಸಾಯುತ್ತದೆ, ಮಣ್ಣು ಹುಡಿಯಾಗುತ್ತದೆ. ಚಟ್ಟಿಯ ಅಡಿಯ ತೂತು ಮುಚ್ಚಿಲ್ಲ ಅಂತ ನೋಡಿಕೊಳ್ಳಿ. ಪತ್ತನಾಜೆ (ಮೇ ಕೊನೆ) ಕಳೆದ ಮೇಲೆ ಗಿಡವನ್ನು ಮಾಡಿನ ಅಂಚಿನಿಂದ ಒಳಗೆ ಸರಿಸಿ. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು. ಕೊಡುವಾಗ ಅಡಿಯಿಂದ ಹರಿದು ಬರುವಷ್ಟು ಕೊಡಿ, ಆಮೇಲೆ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ದಿನಕ್ಕೆ ಅರ್ಧ ಲೋಟ ಅನ್ನುವ ಲೆಕ್ಕ ಈ ಗಿಡಕ್ಕೆ ಆಗುವುದಿಲ್ಲ.

ಎಲೆಯ ಮೇಲಿನ ಬಿಳಿ ಮತ್ತು ಕಪ್ಪಿನ ವಿಷಯ ಇನ್ನೊಂದು ಕತೆ. ನಿಮ್ಮ ಗಿಡದಲ್ಲಿ ಈಗ ಎರಡು ಥರದ ಬಿಳಿ ಇರಬೇಕು. ಎಲೆಯ ಮೇಲ್ಭಾಗದಲ್ಲಿ ತಿಳಿನೀಲಿ ಮಿಶ್ರಿತ ಬಿಳಿ ಕಲೆ ಇದ್ದರೆ ಅದು ನಿಮ್ಮವರು ಹೊಡೆದ ಬೋರ್ಡೋ ದ್ರಾವಣ ಒಣಗಿದ್ದು. ಮೈಲುತುತ್ತು ಮತ್ತು ಸುಣ್ಣದ ಆ ಮದ್ದು ಅಡಿಕೆಯ ಕೊಳೆರೋಗಕ್ಕೆ ಒಳ್ಳೆಯದೇ. ಆದರೆ ಕೀಟಕ್ಕೆ ಅದರಿಂದ ಏನೂ ಆಗುವುದಿಲ್ಲ. ಎಲೆಯ ಅಡಿಭಾಗದ ಬಿಳಿ ಬೇರೆ. ಗೆಲ್ಲನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೊಟ್ಟಿನ ಹಾಗೆ ಸಣ್ಣ ಬಿಳಿ ಹುಳ ಹಾರಿ ಮತ್ತೆ ಎಲೆಯ ಅಡಿಗೇ ಹೋಗಿ ಕೂತರೆ ಬಿಳಿನೊಣ. ಹಾರದೆ, ಗೆಲ್ಲಿನ ಸಂದಿಯಲ್ಲಿ ಹತ್ತಿಯ ಹಾಗೆ ಅಂಟಿಕೊಂಡಿದ್ದರೆ ಹಿಟ್ಟುತಿಗಣೆ. ಹಿಟ್ಟುತಿಗಣೆ ಇದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೋಪು ನೀರಿನಲ್ಲಿ ಅದ್ದಿ ತಿಕ್ಕಿ ತೆಗೆದರೆ ಸಾಕು.

ಕಪ್ಪು ಮಸಿ ರೋಗ ಅಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಬಂದುಬಿಡುತ್ತದೆ. ಅಡಿಯಲ್ಲಿ ಎಲೆ ಹಸಿರಾಗಿ ಚೆನ್ನಾಗಿಯೇ ಇರುತ್ತದೆ. ಬಿಳಿನೊಣ ರಸ ಹೀರಿ ಸಿಹಿಯಾದ ಅಂಟು ಬಿಡುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆದರೆ ನಿಮ್ಮ ಫೋಟೋದಲ್ಲಿ ಇನ್ನೊಂದು ವಸ್ತು ಕಂಡಿತು. ಜಗಲಿಯ ಮೇಲೆ ತೆಂಗಿನ ಮಡಲು ಬಾಗಿಕೊಂಡಿದೆ. ಅದರ ಗರಿಯೂ ಕಪ್ಪಾಗಿದೆ. 2016ರಲ್ಲಿ ಕೇರಳ, ತಮಿಳುನಾಡಿನ ತೆಂಗಿಗೆ ಹೊರದೇಶದ ಒಂದು ಬಿಳಿನೊಣ ಬಂತು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣದ ಗೆರೆ ಎಳೆದು ಮೊಟ್ಟೆ ಇಡುವ ನೊಣ. ಅದರ ಅಂಟು ಮೇಲಿನಿಂದ ತೊಟ್ಟಿಕ್ಕಿ ಕೆಳಗಿರುವ ಬಾಳೆ, ಕ್ರೋಟನ್, ಚಟ್ಟಿಯ ಗಿಡ ಎಲ್ಲವನ್ನೂ ಕಪ್ಪು ಮಾಡುತ್ತದೆ. ನಿಮ್ಮ ಗಿಡದ ಕಪ್ಪಿನಲ್ಲಿ ಅರ್ಧದಷ್ಟಾದರೂ ಆ ತೆಂಗಿನಿಂದ ಇಳಿದದ್ದು ಅಂತ ನನ್ನ ಅಂದಾಜು. ಆ ಮಡಲಿನ ಅಡಿಯಿಂದ ಚಟ್ಟಿ ಸರಿಸಿದರೆ ಅಷ್ಟೂ ನಿಲ್ಲುತ್ತದೆ. ಕತ್ತಲೆಗಾಗಿ ಹೇಗೂ ಸರಿಸಲೇಬೇಕಲ್ಲ. ತೆಂಗಿಗೆ ಮದ್ದು ಹೊಡೆಯಲು ಹೋಗಬೇಡಿ. ಆ ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ, ಎನ್‌ಕಾರ್ಸಿಯಾ ಎಂಬ ಸೂಜಿಮೊನೆಯಷ್ಟು ಸಣ್ಣ ಕಣಜ ನಮ್ಮ ತೋಟಗಳಲ್ಲೇ ಇದೆ. ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅದು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಹೇಳುವುದೂ ಇದನ್ನೇ.

ನಿಮ್ಮ ಗಿಡದ ಮೇಲಿರುವ ಬಿಳಿನೊಣಕ್ಕೆ ಹೀಗೆ ಮಾಡಿ. ಮೊದಲು ಗಿಡವನ್ನು ವಾಲಿಸಿ ಹಿಡಿದು ಎಲೆಯ ಅಡಿಭಾಗಕ್ಕೆ ಪೈಪಿನ ನೀರು ರಭಸವಾಗಿ ಬಿಡಿ. ಮಣ್ಣಿಗೆ ನೀರು ತುಂಬದ ಹಾಗೆ ಚಟ್ಟಿಯ ಬಾಯಿಗೆ ಗೋಣಿ ಕಟ್ಟಿಕೊಳ್ಳಿ. ಮರುದಿನ ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ಕರಗಿಸಿದ ಬಾರ್ ಸೋಪು 5 ಗ್ರಾಂ. ಚೆನ್ನಾಗಿ ಕಡೆದು ಎಲೆಯ ಅಡಿಗೇ ಸಿಂಪಡಿಸಬೇಕು. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕೆಂಪು ಬಂದ ಮೇಲೆ ಹೊಡೆದರೆ ಕೆಂಪೆಲೆಗೆ ಕಲೆ ಬೀಳುತ್ತದೆ, ಈಗಲೇ ಮುಗಿಸಿ. ಒಂದೇ ಸಲ ಹೊಡೆದು ಬಿಟ್ಟರೆ ಆಗುವುದಿಲ್ಲ. ನಮ್ಮ ಸೆಕೆಯಲ್ಲಿ ಬಿಳಿನೊಣ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಮೂರು ವಾರ. ಮೊಟ್ಟೆಗೆ ಎಣ್ಣೆ ಅಷ್ಟು ತಾಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ, ನಾಲ್ಕು ವಾರ. ಜೊತೆಗೆ ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ತುಂಡಿಗೆ ಹರಳೆಣ್ಣೆ ಸವರಿ ಗಿಡದ ಪಕ್ಕ ನೇತುಹಾಕಿ. ಹಳದಿ ಅಂದರೆ ಅವಕ್ಕೆ ಆಸೆ, ಬಂದು ಅಂಟಿಕೊಳ್ಳುತ್ತವೆ.

ಅಂಗಡಿಯವರು ಕೊಟ್ಟ ಬಾಟಲಿ ತೆರೆಯಬೇಡಿ. ಅದರ ಹೆಸರು ನೀವು ಬರೆದಿಲ್ಲ, ಯಾವುದೇ ಇರಲಿ. ಅಕ್ಕಾ, ನಿಮ್ಮ ಮನೆಯಿಂದ ಪಡ್ರೆ ಎಷ್ಟು ದೂರ? ನಮ್ಮ ಗೇರುಗುಡ್ಡೆಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ನಿಂತದ್ದು 2000ದಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಪಡ್ರೆ ಇರುವ ಎಣ್ಮಕಜೆ ಪಂಚಾಯತಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ತಾಯಂದಿರು ಆ ವಿಷಕ್ಕೆ ಬಲಿಯಾದ, ಬೆಳೆದ ಮಕ್ಕಳಿಗೆ ತುತ್ತು ತಿನ್ನಿಸುತ್ತಿದ್ದಾರೆ. ಆ ಮನೆಗಳಿಗೆ ನಾನು ಹೋಗಿದ್ದೇನೆ. ಚಂದಕ್ಕೆ ಇಟ್ಟ ಒಂದು ಗಿಡಕ್ಕಾಗಿ, ಮಕ್ಕಳು ಕೂತು ಓದುವ ಜಗಲಿಯಲ್ಲಿ ಕೀಟನಾಶಕ ಹೊಡೆಯಲು ನಾನು ಯಾರಿಗೂ ಹೇಳುವುದಿಲ್ಲ. ಬೇವಿನೆಣ್ಣೆಗೆ ಬಗ್ಗದಿದ್ದರೆ ಗಿಡವನ್ನು ಒಂದಡಿಗೆ ಕಡಿದು, ಕಡಿದದ್ದನ್ನು ಸುಟ್ಟುಬಿಡಿ. ಹೊಸ ಚಿಗುರು ಚೊಕ್ಕವಾಗಿ ಬರುತ್ತದೆ. ಈ ವರ್ಷದ ಕೆಂಪು ಹೋಗುತ್ತದೆ, ಹೋಗಲಿ.

ಅತ್ತೆಯವರು ಹೇಳಿದ ವಿಷದ ಮಾತು. ಅವರು ಹೆದರುವುದರಲ್ಲಿ ತಪ್ಪಿಲ್ಲ. ಹಾಲು ಬರುವ ಗಿಡಗಳನ್ನು ಅನುಮಾನದಿಂದ ನೋಡು ಅಂತ ನಮ್ಮ ಹಿರಿಯರು ಕಲಿಸಿದ್ದೇ ಒಳ್ಳೆಯದಾಯಿತು. ಪಾಯಿನ್ಸೆಟಿಯಾ ಕಳ್ಳಿಯ ಜಾತಿ. ರಬ್ಬರ್, ಮರಗೆಣಸು, ಹರಳು ಎಲ್ಲ ಒಂದೇ ಕುಟುಂಬ. ಆದರೆ ಇದು ಕೊಲ್ಲುವ ವಿಷ ಅನ್ನುವುದು ನಿಜವಲ್ಲ. 1919ರಲ್ಲಿ ಹವಾಯಿಯಲ್ಲಿ ಇದರ ಎಲೆ ತಿಂದು ಒಂದು ಮಗು ಸತ್ತಿತು ಅಂತ ಸುದ್ದಿ ಹಬ್ಬಿತ್ತು. ಅದು ಬರೀ ಬಾಯಿಮಾತು ಅಂತ ಆಮೇಲೆ ಗೊತ್ತಾಯಿತು. ಸುದ್ದಿ ಮಾತ್ರ ಇವತ್ತಿಗೂ ಓಡಾಡುತ್ತಿದೆ. ಎಲೆ ಜಗಿದರೆ ಬಾಯಿ ಉರಿಯಬಹುದು, ವಾಂತಿ ಆಗಬಹುದು. ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ. ರಬ್ಬರ್ ಹಾಲು ಒಗ್ಗದವರು ಇದನ್ನೂ ಮುಟ್ಟದಿರುವುದು ಒಳ್ಳೆಯದು. ಕಣ್ಣಿಗೆ ಬಿದ್ದರೆ ಮಾತ್ರ ಹಗುರ ಮಾಡಬೇಡಿ, ಹತ್ತು ಹದಿನೈದು ನಿಮಿಷ ನೀರು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ. ಕರುವಿನ ಬಾಯಿಗೆ ಸಿಗದ ಹಾಗೆ ಇಡಿ. ಅತ್ತೆಗೆ ಒಂದು ಮಾತು ಹೇಳಿ: ನಿಜವಾಗಿ ಹೆದರಬೇಕಾದದ್ದು ಬೇಲಿಯಲ್ಲಿರುವ ಕಣಗಿಲೆ, ಗುಡ್ಡೆಯ ಬದಿಯ ಉಮ್ಮತ್ತ, ಹರಳಿನ ಬೀಜ. ಮಕ್ಕಳನ್ನು ಅವುಗಳಿಂದ ದೂರ ಇಡಬೇಕು.

ಗಿಡ ಮೂರಡಿ ಎತ್ತರಕ್ಕೆ ಯಾಕೆ ಹೋಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ತರುವಾಗ ಅದು ಮೊಣಕಾಲೆತ್ತರಕ್ಕೂ ಇರಲಿಲ್ಲ, ಬುಟ್ಟಿಯ ಹಾಗೆ ಗುಂಡಗಿತ್ತು. ನರ್ಸರಿಗಳಲ್ಲಿ ಬೆಳವಣಿಗೆ ತಡೆಯುವ ಮದ್ದು ಕೊಟ್ಟು ಗಿಡ್ಡ ಮಾಡಿರುತ್ತಾರೆ. ಅದರ ಬಲ ಮುಗಿದ ಮೇಲೆ ಗಿಡ ತನ್ನ ಮಟ್ಟಕ್ಕೆ ಏರುತ್ತದೆ. ಅದರ ಊರಿನಲ್ಲಿ ಇದು ಹತ್ತು ಹನ್ನೆರಡು ಅಡಿಯ ಪೊದೆ. ಇನ್ನು ಆ ಗುಂಡು ಆಕಾರ, ಅಷ್ಟೊಂದು ಗೆಲ್ಲು. ಅದಕ್ಕೆ ಕಾರಣ ಕೇಳಿದರೆ ಅಡಿಕೆ ಬೆಳೆಗಾರರಾದ ನಿಮಗೆ ಆಶ್ಚರ್ಯ ಆಗುತ್ತದೆ. ಅದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಹೌದು, ನಮ್ಮ ಅಡಿಕೆಯ ಹಳದಿ ಎಲೆ ರೋಗಕ್ಕೆ ಕಾರಣ ಅನ್ನುವ ಅದೇ ಗುಂಪಿನ ಜೀವಿ. ಪಾಯಿನ್ಸೆಟಿಯಾದಲ್ಲಿರುವುದು ಬೇರೆ ಬಗೆ. ಗಿಡಕ್ಕೆ ಕೇಡು ಮಾಡುವುದಿಲ್ಲ, ಗೆಲ್ಲು ಜಾಸ್ತಿ ಒಡೆಯುವ ಹಾಗೆ ಮಾಡುತ್ತದೆ. ಕಸಿ ಕಟ್ಟಿ ಇದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತಿದ್ದರು. ಕಾರಣ ಒಂದು ಸೂಕ್ಷ್ಮಜೀವಿ ಅಂತ ವಿಜ್ಞಾನಿಗಳು ಕಂಡುಕೊಂಡದ್ದು 1990ರ ದಶಕದಲ್ಲಿ. ಒಂದು ತೋಟವನ್ನು ನುಂಗುವ ಗುಂಪಿನದ್ದೇ ಇನ್ನೊಂದು ಜೀವಿ ಇನ್ನೊಂದು ಗಿಡವನ್ನು ಚಂದ ಮಾಡುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನಾನು ನರ್ಸರಿಗೆ ಹೋಗಿ ಪ್ರತಿ ಗಿಡವನ್ನೂ ಮತ್ತೆ ನೋಡಿದ್ದೆ.

ಎತ್ತರ ಹಿಡಿತಕ್ಕೆ ಬರಬೇಕಾದರೆ ಕತ್ತರಿ ಬೇಕು. ಕೆಂಪು ಮುಗಿದ ಮೇಲೆ, ಮಾರ್ಚ್ ಹೊತ್ತಿಗೆ, ಪ್ರತಿ ಗೆಲ್ಲಿನಲ್ಲೂ ಮೂರು ನಾಲ್ಕು ಗಂಟು ಬಿಟ್ಟು ಕಡಿಯಿರಿ. ಹೆದರಬೇಡಿ, ಬೋಳು ಕಡ್ಡಿಯ ಹಾಗೆ ಕಂಡರೂ ಚಿಗುರುತ್ತದೆ. ಆಗಲೇ ಹೊಸ ಮಣ್ಣಿಗೆ ಹಾಕಿ. ಜೂನ್, ಜುಲೈಯಲ್ಲಿ ಚಿಗುರು ಗೇಣುದ್ದ ಆದಾಗಲೆಲ್ಲ ತುದಿ ಚಿವುಟಿ. ಆಗಸ್ಟ್ ಕೊನೆಯ ನಂತರ ಚಿವುಟಬೇಡಿ, ಕೆಂಪಾಗುವ ತುದಿಯೇ ಹೋಗುತ್ತದೆ. ಈ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿನ) ಗೊಬ್ಬರ ಸಾಕು.

ಮಣ್ಣಿನ ಬಗ್ಗೆ ಒಂದೇ ಮಾತು ಉಳಿದಿದೆ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಹುಳಿ ಜಾಸ್ತಿಯಾದರೆ ಮಾಲಿಬ್ಡಿನಂ ಎಂಬ ಪೋಷಕ ಬೇರಿಗೆ ಸಿಗುವುದಿಲ್ಲ. ಈ ಗಿಡಕ್ಕೆ ಅದು ಬೇರೆ ಗಿಡಗಳಿಗಿಂತ ಜಾಸ್ತಿ ಬೇಕು. ಸಿಗದಿದ್ದರೆ ಎಲೆಯ ಅಂಚು ಹಳದಿಯಾಗಿ ಒಣಗುತ್ತದೆ. ಹಳೇ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಸಾಲದು. ಎರಡಕ್ಕೂ ಸೇರಿ, ಮಣ್ಣು ಬದಲಿಸುವಾಗ ದೊಡ್ಡ ಚಟ್ಟಿಗೆ ಒಂದು ಟೀ ಚಮಚ ಡಾಲೊಮೈಟ್ ಬೆರೆಸಿ. ತೋಟಕ್ಕೆ ತಂದದ್ದು ಮನೆಯಲ್ಲಿ ಇದ್ದರೆ ಅದೇ ಆದೀತು, ಇಲ್ಲವಾದರೆ ಕೃಷಿ ಭವನದಲ್ಲಿ ವಿಚಾರಿಸಿ.

ಕೊನೆಗೆ ಬಾವಿಕಟ್ಟೆಯ ಆ ಗಿಡ. ಅದು ನರ್ಸರಿಯ ಜಾತಿ ಅಲ್ಲ, ಹಳೇ ಉದ್ದದ ಜಾತಿ. ಗೆಲ್ಲು ಕಡಿಮೆ, ಕೆಂಪೆಲೆ ಸಪೂರ. ಚಟ್ಟಿಯಲ್ಲಿ ಅಷ್ಟು ಚಂದ ಕಾಣುವುದಿಲ್ಲ. ಆದರೆ ನಮ್ಮ ಮಳೆ, ನಮ್ಮ ಸೆಕೆ ಎರಡಕ್ಕೂ ಒಗ್ಗಿದ ಗಿಡ ಅದು. ಬೇಳದ ಕಡೆ ಹಳೇ ಕ್ರಿಶ್ಚಿಯನ್ ಮನೆಗಳ ಅಂಗಳದ ಬದಿಯಲ್ಲಿ ಇಂಥವು ಮಾಡಿನ ಎತ್ತರಕ್ಕೆ ನಿಂತಿರುವುದನ್ನು ಕಂಡಿದ್ದೇನೆ. ನಮ್ಮ ಊರಿಗೆ ನಾನು ಹೇಳುವುದು ಇದನ್ನೇ. ಮಾರ್ಚಿನಲ್ಲಿ ಪಕ್ಕದ ಮನೆಯವರು ಕಡಿಯುವಾಗ ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ನಾಲ್ಕು ಗೆಲ್ಲು ಕೇಳಿ ತನ್ನಿ. ಕಡಿದ ಬಾಯಿಯಿಂದ ಹಾಲು ಸುರಿಯುತ್ತದೆ. ಅದನ್ನು ನೀರಿನಲ್ಲಿ ಅದ್ದಿ ಹಾಲು ನಿಲ್ಲುವವರೆಗೆ ಬಿಡಿ, ಆಮೇಲೆ ಒಂದು ದಿನ ನೆರಳಿನಲ್ಲಿ ಒಣಗಿಸಿ. ಮರಳು, ನಾರಿನ ಹುಡಿ ಸಮ ಪಾಲು ಸೇರಿಸಿ ಎರಡು ಗಂಟು ಒಳಗೆ ಹೋಗುವ ಹಾಗೆ ಊರಿ. ಪಸೆ ಆರದ ಹಾಗೆ ನೋಡಿಕೊಂಡರೆ ಒಂದು ತಿಂಗಳಲ್ಲಿ ಬೇರು ಬರುತ್ತದೆ. ಮಳೆ ಶುರುವಾದ ಮೇಲೆ ಹಟ್ಟಿಯ ಹಿಂದೆ, ನೀರು ನಿಲ್ಲದ ದರೆಯ ಮೇಲೆ ನೆಲಕ್ಕೇ ನೆಡಿ. ಅಂಗಳದ ಲೈಟು ಅಲ್ಲಿಗೆ ತಲುಪುವುದಿಲ್ಲ ಅಂತ ನೆಡುವ ಮೊದಲು ರಾತ್ರಿ ಒಮ್ಮೆ ನೋಡಿಕೊಳ್ಳಿ.